ಏರು ಹತ್ತದ ಪಿಕಪ್ಪು

ಮದುವೆಯಾಗಿ ನಾನು ಕಡೂರಿನ ಬಯಲುಸೀಮೆಯಿಂದ ಬಾಳೂರಿನ ಹತ್ತಿರದ ಕಾಫಿ ತೋಟಕ್ಕೆ ಬಂದ ವರ್ಷವೇ ಮಾವನವರ ಪಿಕಪ್ಪು ಏರು ಹತ್ತುವುದನ್ನು ನಿಲ್ಲಿಸಿತು. ಎರಡಕ್ಕೂ ಸಂಬಂಧವಿದೆ ಎಂದು ನನ್ನೆದುರು ಯಾರೂ ಹೇಳಲಿಲ್ಲ. ಆದರೆ ಹೊಸ ಸೊಸೆಯ ಕಾಲ್ಗುಣದ ಬಗ್ಗೆ ಕಣದಲ್ಲಿ ಹೆಂಗಸರು ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿದ್ದಿತ್ತು. ಮೈಯೆಲ್ಲ ಉರಿದುಹೋಯಿತು. ಕಬ್ಬಿಣದ ಗಾಡಿ ಕೆಟ್ಟರೆ ಅದಕ್ಕೆ ನನ್ನ ಕಾಲು ಏನು ಮಾಡೀತು ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಆಗ ನನಗೆ ಇಪ್ಪತ್ತೊಂದು ವರ್ಷ. ಪಾತ್ರೆ ಕುಕ್ಕುವುದೊಂದೇ ನನಗೆ ಗೊತ್ತಿದ್ದ ವಾದ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಕುದುರೆಮುಖದ ಗಣಿಯ ಕಡೆಗೆ ಮನೆಯಷ್ಟು ಎತ್ತರದ ಲಾರಿಗಳು ಓಡಾಡುತ್ತಿದ್ದವು. ಅಕ್ಕಪಕ್ಕದ ತೋಟಗಳಿಗೆಲ್ಲ ಜೀಪು ಬಂದಾಗಿತ್ತು. ನಮ್ಮ ಪಿಕಪ್ಪು ಮಾತ್ರ ತೋಟ ಮಾರಿ ತನ್ನ ದೇಶಕ್ಕೆ ಹೋದ ಬಿಳಿ ದೊರೆಯ ಕಾಲದ್ದು. ಮುಂದೆ ಎರಡು ಗುಂಡು ಮಡ್‌ಗಾರ್ಡು, ಹಿಂದೆ ಸಾಮಾನು ಹೇರಲು ತೊಟ್ಟಿಲಿನಂಥ ಹಲಗೆಯ ಪೆಟ್ಟಿಗೆ, ಎಡಗಡೆಯ ಬಾಗಿಲಿಗೆ ಚಿಲಕದ ಬದಲು ಹಗ್ಗ. ತೋಟದ ಜೊತೆಗೆ ಆ ಗಾಡಿ ಮಾವನವರಿಗೆ ಬಂದಿತ್ತು, ಗಾಡಿಯ ಜೊತೆಗೆ ಡ್ರೈವರಣ್ಣ ಬಂದಿದ್ದರು. ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ. ಗೋಡೌನಿಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದರು. ಆ ಮನೆಯಲ್ಲಿ ನನ್ನನ್ನು "ಊಟ ಆಯ್ತಾ ಅಮ್ಮಾವ್ರೆ?" ಎಂದು ಕೇಳುತ್ತಿದ್ದವರು ಅವರೊಬ್ಬರೇ. ನನ್ನ ಗಂಡ ಕೇಳುತ್ತಿರಲಿಲ್ಲ, ಮಾವ ಕೇಳುತ್ತಿರಲಿಲ್ಲ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು.

ಅಲ್ಲಿ ಮಳೆಗಾಲಕ್ಕೆ ಗಾಡಿಯನ್ನು ಮಲಗಿಸುತ್ತಿದ್ದರು. ತೋಟದ ದಾರಿ ಕೊಚ್ಚಿಹೋಗುತ್ತಿದ್ದುದರಿಂದ ಜೂನ್ ಹಿಡಿಯುವ ಮೊದಲು ಗೋಡೌನಿನೊಳಗೆ ತಂದು, ಗಾಲಿಗಳ ಭಾರ ಇಳಿಯುವಂತೆ ಕಲ್ಲಿನ ಮೇಲೆ ನಿಲ್ಲಿಸಿ, ಬ್ಯಾಟರಿ ಬಿಚ್ಚಿ ಒಲೆಯ ಹತ್ತಿರ ಬೆಚ್ಚಗಿಟ್ಟು, ಕಂಬಳಿ ಹೊದಿಸಿಬಿಡುವುದು. ಡ್ರೈವರಣ್ಣ ಇದನ್ನೆಲ್ಲ ಬಾಣಂತಿಗೆ ಮಾಡಿದ ಹಾಗೆ ಮಾಡುತ್ತಿದ್ದರು. ಗಾಡಿ ಎದ್ದೇಳುವುದು ಅಕ್ಟೋಬರ್ ಕೊನೆಗೆ. ಅಲ್ಲಿಯವರೆಗೆ ಅವರು ಬಚ್ಚಲ ಒಲೆಗೆ ಸೌದೆ ಒದಗಿಸುವುದು, ಬೇಲಿ ನೋಡುವುದು, ಹೀಗೆ ಕಾಲ ಕಳೆಯುತ್ತಿದ್ದರು.

ಗಂಡಸರೇ ತುಂಬಿದ್ದ ಆ ಮನೆಯನ್ನು ನಾನು ನನ್ನ ಕೈಲಾದಷ್ಟು ಸರಿಮಾಡಲು ಹೊರಟೆ. ಬಚ್ಚಲಮನೆಯಲ್ಲಿ ಬಿಸಿನೀರು ಹದಮಾಡುವ ಕಲ್ಲಿನ ತೊಟ್ಟಿ ಒಂದಿತ್ತು. ಅದರ ಬುಡದ ತೂತಿಗೆ ಬಟ್ಟೆ ತುರುಕಿದ್ದರು. ಮಾವ ಸ್ನಾನ ಮುಗಿಸುವಷ್ಟರಲ್ಲಿ ಉಳಿದ ನೀರೆಲ್ಲ ಸೋರಿಹೋಗಿ, ನನ್ನ ಪಾಲಿಗೆ ಎರಡು ಚೊಂಬು ಉಳಿಯುತ್ತಿತ್ತು. ಬಂದ ಹದಿನೈದು ದಿನಕ್ಕೆ ಅದಕ್ಕೆ ಅಳತೆ ಮಾಡಿದಂತಿದ್ದ ಮರದ ಬಿರಡೆ ಹುಡುಕಿ ಜಡಿದೆ. ಒಂದು ಹನಿ ಸೋರಲಿಲ್ಲ. "ಬಯಲುಸೀಮೆ ಹುಡುಗಿಗೆ ನೀರಿನ ಬೆಲೆ ಗೊತ್ತದೆ ಕಣಯ್ಯ," ಎಂದು ಮಾವ ಜಗಲಿಯಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನನಗೆ ಒಂದು ವಾರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಕ್ಟೋಬರಿನಲ್ಲಿ ಗಾಡಿ ಎದ್ದಿತು. ಅಂಗಳದಲ್ಲಿ ಚೆನ್ನಾಗಿಯೇ ಸ್ಟಾರ್ಟ್ ಆಯಿತು. ಇಳಿಜಾರಿನಲ್ಲಿ ತೋಟದ ಕೆಳಗಿನ ಬ್ಲಾಕಿಗೆ ಸರಾಗವಾಗಿ ಹೋಯಿತು. ಹಿಂದಕ್ಕೆ ಹತ್ತಬೇಕಾದಾಗ ಅರ್ಧ ಏರಿಗೆ ಬಂದು, ಉಬ್ಬಸದವರ ಹಾಗೆ ಒಂದು ಉಸಿರೆಳೆದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು, ಮತ್ತೆ ನಾಲ್ಕು ಮಾರು ಹತ್ತಿ ನಿಲ್ಲುತ್ತಿತ್ತು. ನಾನು ಅವತ್ತು ಹಿಂದಿನ ಹಲಗೆಯ ಮೇಲೆ ಕೂತಿದ್ದೆ. ಹುರಿದ ಕಾಫಿಯ ಘಮ ಮೂಗಿಗೆ ಹೊಡೆಯಿತು.

"ಮಾವ, ಗಾಡಿಯಿಂದ ಕಾಫಿ ವಾಸನೆ ಬರ್ತಿದೆ," ಎಂದೆ.

"ಕಾಫಿ ತೋಟದಲ್ಲಿ ಕಾಫಿ ವಾಸ್ನೆ ಬರ್ದೆ ನಿಮ್ಮೂರಿನ ಕೊಬ್ಬರಿ ವಾಸ್ನೆ ಬರ್ತದೇನಮ್ಮ?" ಎಂದರು ಮಾವ. ನನ್ನ ಗಂಡ ಕಿಸಕ್ಕನೆ ನಕ್ಕರು.

ಮರುದಿನ ಮಾವ ಅಂಗಳದಲ್ಲಿ ನಿಂತು ತೀರ್ಮಾನ ಹೇಳಿಬಿಟ್ಟರು. ಹಣ್ಣಿನ ಕೊಯ್ಲು ಶುರುವಾಗುವ ಸೋಮವಾರದೊಳಗೆ ಗಾಡಿ ಏರು ಹತ್ತಬೇಕು. ಇಲ್ಲದಿದ್ದರೆ ಅದು ಗುಜರಿಗೆ. "ಗಾಡಿಗೆ ವಯಸ್ಸಾಯ್ತೋ ನಿಂಗೆ ವಯಸ್ಸಾಯ್ತೋ ನಂಗೆ ಗೊತ್ತಾಗ್ತಿಲ್ಲ ಮಾರಾಯ. ಗಾಡಿ ಇಲ್ಲ ಅಂದ್ಮೇಲೆ ಡ್ರೈವರ್ ಇಟ್ಕಂಡು ನಾನೆಂತ ಮಾಡ್ಲಿ? ಜೀಪು ತಗಂಡ್ರೆ ಅದ್ರ ಜೊತೆಗೆ ಯಾವನಾದ್ರೂ ಬರ್ತಾನೆ." ಡ್ರೈವರಣ್ಣ ಬಾನೆಟ್ ಮೇಲಿದ್ದ ಕಸವನ್ನು ಹೆಗಲ ಟವೆಲಿನಿಂದ ಒರೆಸಿದರು. ಅವರ ಕೋಣೆಯೂ ಅದರ ಜೊತೆಗೆ ಹೋಗುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊಯ್ಲಿಗೆ ಇನ್ನು ನಾಲ್ಕು ವಾರ ಇತ್ತು.

ಆಮೇಲೆ ಶುರುವಾಯಿತು ನೋಡಿ. ನಮ್ಮ ಕಡೆಯ ಗಂಡಸರಿಗೆ ಒಂದು ಬಾನೆಟ್ ತೆರೆದಿದೆ ಎಂದು ತಿಳಿದರೆ ಸಾಕು, ಎಲ್ಲಿದ್ದರೂ ಬಂದು ತಲೆ ಒಳಗೆ ಹಾಕುತ್ತಾರೆ. ಭಾನುವಾರ ಬೆಳಿಗ್ಗೆ ಸುತ್ತಲಿನ ತೋಟಗಳಿಂದ ಜೀಪಿನಲ್ಲಿ, ಬೈಕಿನಲ್ಲಿ, ನಡೆದುಕೊಂಡು ಬಂದರು. ಎಡಗಡೆ ನಾಲ್ಕು ಬೆನ್ನು, ಬಲಗಡೆ ನಾಲ್ಕು ಬೆನ್ನು. ಮುಖ ಯಾರದೂ ಕಾಣುತ್ತಿರಲಿಲ್ಲ. ಇಂಜಿನ್ನಿನೊಳಗಿಂದ ಮಾತು ಕೇಳುತ್ತಿತ್ತು. ಗಂಟೆಗೊಮ್ಮೆ ಒಂದು ಕೈ ಹೊರಗೆ ಚಾಚುತ್ತಿತ್ತು, ನಾನು ಅದಕ್ಕೆ ಕಾಫಿ ಲೋಟ ಕೊಡುತ್ತಿದ್ದೆ. ಮಧ್ಯಾಹ್ನಕ್ಕೆ ಕಡುಬು ಬೇಯಿಸಿ ಹಾಕಿದೆ. ಸೊಸೆ ಬಂದ ಮೇಲೆ ಮನೆ ಖರ್ಚಿಗೆ ಇಟ್ಟ ಕಾಫಿಯ ಮೂಟೆ ಬೇಗ ಇಳಿಯುತ್ತಿದೆ ಎಂದು ಮಾವ ಆಗಲೇ ಎರಡು ಸಲ ಅಂದಿದ್ದರು. ಇಳಿಯದೆ ಇನ್ನೇನು, ಇಷ್ಟು ಬೆನ್ನುಗಳಿಗೆ ಕುಡಿಸಿದರೆ!

ಒಬ್ಬರು ಪೆಟ್ರೋಲಿಗೆ ನೀರು ಸೇರಿದೆ ಎಂದರು. ಟ್ಯಾಂಕ್ ಬರಿದು ಮಾಡಿ ಹೊಸದು ಹಾಕಿದರು. ಇನ್ನೊಬ್ಬರು ಕಿಡಿ ಕೊಡುವ ಪಾಯಿಂಟಿನ ಸಂದು ಸರಿಯಿಲ್ಲ ಎಂದು ಅದನ್ನು ಅಳೆಯಲು ಪೋಸ್ಟ್ ಕಾರ್ಡಿನ ತುಂಡು ಕೇಳಿದರು. ನನ್ನ ಗಂಡ ನಾನು ಅಮ್ಮನಿಗೆ ಬರೆದಿಟ್ಟಿದ್ದ ಕಾರ್ಡಿನ ಮೂಲೆ ಹರಿದುಕೊಟ್ಟರು. "ನಾನು ಇಲ್ಲಿ ಚೆನ್ನಾಗಿ" ಎನ್ನುವವರೆಗೆ ಮಾತ್ರ ಅಮ್ಮನಿಗೆ ತಲುಪಿತು. "ಇದ್ದೇನೆ" ಎನ್ನುವುದು ಇಂಜಿನ್ನಿನ ಪಾಲಾಯಿತು. ಮೂರನೆಯವರು ವಯಸ್ಸಾದ ಪ್ಲಾಂಟರು, ಗಂಭೀರ ಮನುಷ್ಯ. ಗಾಡಿ ದೊರೆಯ ಹತ್ತಿರ ಬೆಳೆದದ್ದು, ಕನ್ನಡದಲ್ಲಿ ಬೈದರೆ ಬೇಜಾರು ಮಾಡಿಕೊಂಡಿರಬಹುದು ಎಂದರು. ಯಾರೂ ನಗಲಿಲ್ಲ. ಮಾವ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು, "ಕಮಾನ್, ಕಮಾನ್, ಗುಡ್ ಬಾಯ್," ಎಂದು ಬೆಳಗಿನಿಂದ ಹತ್ತಾರು ಸಲ ಹೇಳಿದ್ದನ್ನು ಅಡುಗೆಮನೆಯ ಕಿಟಕಿಯಿಂದ ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಜೊತೆ ಅವರು ಅಷ್ಟು ಮೆತ್ತಗೆ ಯಾವತ್ತೂ ಮಾತಾಡಿರಲಿಲ್ಲ.

ಎರಡನೆಯ ವಾರ ಮೂಡಿಗೆರೆಯ ವರ್ಕ್‌ಶಾಪಿನಿಂದ ಮೆಕ್ಯಾನಿಕ್ ಸಾಬರನ್ನು ಕರೆಸಿದರು. ಸಾಬರು ಕಡಿಮೆ ಮಾತಿನವರು. ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿದರು, ಕಾರ್ಬೊರೇಟರ್ ಬಿಚ್ಚಿ ಅದರ ಸಣ್ಣ ತೂತುಗಳಿಗೆ ಬಾಯಿಯಿಂದ ಗಾಳಿ ಊದಿದರು, ಇಂಜಿನ್ನಿಗೆ ಕಿವಿಗೊಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತರು. ಕೊನೆಗೆ ಕೈ ಒರೆಸಿಕೊಂಡು, "ಗೌಡ್ರೆ, ಇಂಜಿನ್ನಿಗೆ ಎಂತ ಕಾಯ್ಲೆನೂ ಇಲ್ಲ. ಹತ್ಲಿಕ್ಕೆ ಮನಸ್ಸಿಲ್ಲ ಅಷ್ಟೆ," ಎಂದರು.

"ಸಾಬ್ರೆ, ಹತ್ತುವಾಗ ಕಾಫಿ ವಾಸನೆ ಬರ್ತದೆ," ಎಂದೆ ನಾನು ಬಾಗಿಲಲ್ಲಿ ನಿಂತು.

"ಹೌದಾ ಅಮ್ಮಾವ್ರೆ? ಹಂಗಾದ್ರೆ ಒಂದು ಲೋಟ ಕೊಡಿ," ಎಂದರು ಸಾಬರು.

ತಲೆ ಚಚ್ಚಿಕೊಳ್ಳುವಂತಾಯಿತು. ಇವರು ಹುಟ್ಟಿದ್ದು ಕಾಫಿಯ ನಡುವೆ, ಉಸಿರಾಡುವುದು ಕಾಫಿಯ ನಡುವೆ. ನಮ್ಮೂರಿನಲ್ಲಿ ಗಾಡಿಯ ಹೊಗೆಯಲ್ಲಿ ಕಾಫಿ ಘಮಘಮಿಸಿದ್ದರೆ ಊರೇ ಬಂದು ನೋಡುತ್ತಿತ್ತು. ಇಲ್ಲಿ ಆ ವಾಸನೆ ಯಾರ ಮೂಗಿಗೂ ಸುದ್ದಿಯೇ ಅಲ್ಲ. ಮನೆ ಹತ್ತಿರ ಬಂದರೆ ಅಡುಗೆಮನೆಯದು ಎನ್ನುವರು. ಕಾಡಿನ ನಡುವೆ ಬಂದರೆ ಎಲ್ಲೋ ಕೂಲಿಯವರ ಲೈನಿನಲ್ಲಿ ಯಾರೋ ಹುರಿಯುತ್ತಿದ್ದಾರೆ ಎನ್ನುವರು. ನಾನು ದಿನಕ್ಕೊಮ್ಮೆ ಹೇಳಿದೆ. ಆಮೇಲೆ ನನ್ನ ಗಂಡ, "ನಿಂಗೆ ಏನಾದ್ರೂ ವಿಶೇಷ ಇದ್ಯಾ? ಬಸುರಿಯರಿಗೆ ಹಿಂಗೆ ವಾಸ್ನೆ ಬರ್ತದಂತೆ," ಎಂದು ಕೇಳಿದರು. ಅವತ್ತು ಕುಕ್ಕಿದ ಪಾತ್ರೆ ಇವತ್ತಿಗೂ ನೆಗ್ಗಿಕೊಂಡೇ ಇದೆ.

ಮೂರನೆಯ ವಾರ ದೇವರ ಮೊರೆ ಹೊಕ್ಕರು. ದೇವರಮನೆ ಎನ್ನುವ ಊರಿನ ಗುಡಿಗೆ ಗಾಡಿ ಒಯ್ದು ಪೂಜೆ ಮಾಡಿಸುವುದೆಂದು ಮಾವ ಹರಕೆ ಹೊತ್ತರು. ಆದರೆ ದೇವರಮನೆ ಇರುವುದು ಬೆಟ್ಟದ ಮೇಲೆ. ಏರು ಹತ್ತದ ಗಾಡಿಯನ್ನು ಏರು ಹತ್ತಿಸಿಯೇ ಪೂಜೆ ಮಾಡಿಸಬೇಕಾದ ಸಂಕಟ. ಅರ್ಧ ದಿನ ಚರ್ಚೆಯಾಗಿ, ಮುಖ್ಯವಾದ ಅಂಗ ಹೋದರೆ ಸಾಕು ಎಂದು ತೀರ್ಮಾನವಾಯಿತು. ಡ್ರೈವರಣ್ಣ ಕಾರ್ಬೊರೇಟರನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಸ್ನಾನ ಮಾಡಿಸಿ, ಬಾಳೆಲೆ ಹಾಸಿದ ಬುಟ್ಟಿಯಲ್ಲಿಟ್ಟುಕೊಂಡು, ಪಕ್ಕದ ತೋಟದ ಜೀಪಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋದರು. ಭಟ್ಟರು ಅದಕ್ಕೆ ಕುಂಕುಮ ಹಚ್ಚಿ, ಹೂ ಏರಿಸಿ, ಧಾರಾಳವಾಗಿ ಅಕ್ಷತೆ ಹಾಕಿದರು. ಹಿಂದಕ್ಕೆ ತಂದು ಜೋಡಿಸಿದಾಗ ಗಾಡಿ ಸ್ಟಾರ್ಟೇ ಆಗಲಿಲ್ಲ. ಸಾಬರು ಮತ್ತೆ ಬಂದು ಕಾರ್ಬೊರೇಟರಿನೊಳಗಿಂದ ಐದು ಕಾಳು ಅಕ್ಕಿ ತೆಗೆದರು. ಮಾವ ಅದನ್ನು ಕಣ್ಣಿಗೊತ್ತಿಕೊಂಡು ತಲೆಯ ಮೇಲೆ ಹಾಕಿಕೊಂಡರು.

ಅಷ್ಟರಲ್ಲಿ ರಿವರ್ಸ್ ಗೇರಿಗೆ ಶಕ್ತಿ ಜಾಸ್ತಿ ಎಂದು ಯಾರೋ ಹೇಳಿದರು. ಡ್ರೈವರಣ್ಣ ಗಾಡಿಯನ್ನು ಹಿಂದುಮುಂದು ತಿರುಗಿಸಿ, ಕತ್ತು ಹೊರಳಿಸಿಕೊಂಡು, ರಸ್ತೆಯ ಏರನ್ನು ಹಿಂದಕ್ಕೆ ಹತ್ತಿಸಲು ಹೊರಟರು. ಪಕ್ಕದಲ್ಲಿ ಮಾವ ಮುಂದಕ್ಕೆ ಮುಖ ಮಾಡಿ ಗಂಭೀರವಾಗಿ ಕೂತಿದ್ದರು. ಎದುರಿಗೆ ಸಿಕ್ಕವರಿಗೆಲ್ಲ ಕೈ ಮುಗಿಯುತ್ತಾ ಅವರಿಂದ ನಿಧಾನವಾಗಿ ದೂರ ದೂರ ಸರಿಯುತ್ತಿದ್ದರು. ದಾರಿಯಲ್ಲಿ ಸಿಕ್ಕ ಬಸ್ಸಿನ ಕಂಡಕ್ಟರ್ ತಲೆ ಹೊರಗೆ ಹಾಕಿ, "ಗೌಡ್ರೆ, ಹೋಗ್ತಿದೀರೋ ಬರ್ತಿದೀರೋ?" ಎಂದು ಕೂಗಿದ. ಇಡೀ ಬಸ್ಸು ನಕ್ಕಿತು. ಅದೇ ಹೊತ್ತಿಗೆ ಗಾಡಿಯೂ ನಿಂತಿತು. ಮಾವ ಇಳಿದು ಮನೆಗೆ ನಡೆದುಬಿಟ್ಟರು. ಗುಜರಿಯವನಿಗೆ ಹೇಳಿಕಳಿಸಿದ್ದಾರೆ ಎಂದು ಸಂಜೆ ಗೊತ್ತಾಯಿತು. ಮರುದಿನ ಡ್ರೈವರಣ್ಣ ತಮ್ಮ ಟ್ರಂಕನ್ನು ಹೊರಗೆ ತಂದು ಬಿಸಿಲಿಗೆ ಇಟ್ಟಿದ್ದನ್ನು ನೋಡಿ ನನಗೆ ಊಟ ಸೇರಲಿಲ್ಲ.

ಕೊಯ್ಲಿಗೆ ಮುಂಚಿನ ಶನಿವಾರ ಕೊನೆಯ ಪರೀಕ್ಷೆ. ಶನಿವಾರ ಮಾವನವರ ಎಣ್ಣೆಸ್ನಾನದ ದಿನ. ತಲೆಯಿಂದ ಕಾಲಿನವರೆಗೆ ಎಳ್ಳೆಣ್ಣೆ ಹಚ್ಚಿಕೊಂಡು, ಸೊಂಟಕ್ಕೊಂದು ತುಂಡು ಪಂಚೆ ಸುತ್ತಿಕೊಂಡು, ಅಂಗಳದಲ್ಲಿ ಮಿರಮಿರ ಹೊಳೆಯುತ್ತಾ ನಿಂತಿದ್ದರು. ಬಚ್ಚಲ ತೊಟ್ಟಿಯಲ್ಲಿ ನೀರು ಹದವಾಗಿ ತುಂಬಿತ್ತು. ಸಾಬರೂ ಬಂದಿದ್ದರು. ಮನೆಯ ಹಿಂದಿನ ಸಣ್ಣ ಏರಿನಲ್ಲಿ ಗಾಡಿ ಹೊರಟಿತು, ಎಂದಿನಂತೆ ಏದುಸಿರು ಬಿಟ್ಟಿತು. "ತಳ್ಳಿ!" ಎಂದರು ಮಾವ. ಎಣ್ಣೆ ಕೈ ಜಾರುತ್ತಿದ್ದುದರಿಂದ ಅವರು ತಳ್ಳುವಂತಿರಲಿಲ್ಲ. ಸೆರಗು ಸಿಕ್ಕಿಸಿ ನಾನೇ ಹೋಗಿ ಹಿಂದಿನ ಹಲಗೆಗೆ ಹೆಗಲು ಕೊಟ್ಟೆ. ಸೈಲೆನ್ಸರಿನ ಹೊಗೆ ನೇರವಾಗಿ ಮುಖಕ್ಕೆ ಹೊಡೆಯಿತು. ಕಾಫಿ! ಹದವಾಗಿ ಹುರಿದ, ಇನ್ನೇನು ಇಳಿಸಬೇಕು ಎನ್ನುವಂಥ ಕಾಫಿ.

ನನಗೆ ಎಲ್ಲಿತ್ತೋ ಸಿಟ್ಟು. ಕಣದಲ್ಲಿ ಬಿದ್ದಿದ್ದ ಕಬ್ಬಿಣದ ಸರಳು ತಂದು ಆ ಕೊಳವೆಯೊಳಗೆ ತೂರಿಸಿ, ಇಷ್ಟು ದಿನ ಪಾತ್ರೆಯ ಮೇಲೆ ತೀರಿಸಿಕೊಂಡದ್ದನ್ನೆಲ್ಲ ಅದರ ಮೇಲೆ ತೀರಿಸಿಕೊಂಡೆ. "ಏಯ್, ಏಯ್!" ಎಂದು ಮಾವ ಓಡಿಬಂದರು. ಅಷ್ಟರಲ್ಲಿ ಕೊಳವೆಯಿಂದ ಗಲಗಲನೆ ಬೀಜ ಸುರಿಯಿತು. ಸಾಬರು ಬಗ್ಗಿ ನೋಡಿ, ಕುಕ್ಕರಗಾಲಿನಲ್ಲಿ ಕೂತು, ತಮ್ಮಷ್ಟಕ್ಕೆ ತಾವೇ ಏನೋ ಹೇಳಿಕೊಂಡು ಸೈಲೆನ್ಸರ್ ಬಿಚ್ಚಿದರು. ಒಂದು ಮೊರ ತುಂಬ ಕಾಫಿ ಬಿತ್ತು. ಮನೆ ಖರ್ಚಿಗೆಂದು ಗೋಡೌನಿನಲ್ಲಿ ಇಟ್ಟಿದ್ದ, ಹೊಟ್ಟು ಬಿಡಿಸದ ಪಾರ್ಚ್‌ಮೆಂಟ್. ಮಳೆಗಾಲವಿಡೀ ಇಲಿ ಒಂದೊಂದೇ ಹೊತ್ತು ತಂದು ಸೈಲೆನ್ಸರಿನೊಳಗೆ ದಾಸ್ತಾನು ಮಾಡಿತ್ತು. ಹೊಗೆಗೆ ಹೊರಗೆ ಹೋಗಲು ದಾರಿಯಿಲ್ಲದೆ ಇಂಜಿನ್ನು ಉಸಿರುಗಟ್ಟುತ್ತಿತ್ತು, ಆ ಬಿಸಿಗೆ ಬೀಜ ಹುರಿಯುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಗಾಡಿಯ ಮಾತಾಡುತ್ತಿದ್ದರು. ಇವರು ಪ್ಲಾಂಟರುಗಳು. ಮಾವ ಒಂದು ಬೀಜ ಎತ್ತಿ, ಕರಿಹೊಟ್ಟು ಊದಿ, ಹಲ್ಲಿನಲ್ಲಿ ಕಡಿದು ಕಣ್ಣು ಮುಚ್ಚಿದರು. "ಮೇಲಿನ ಬ್ಲಾಕಿಂದು," ಎಂದರು. ಸಾಬರೂ ಒಂದು ಕಡಿದು, "ಸ್ವಲ್ಪ ಜಾಸ್ತಿ ಹುರಿದದೆ ಗೌಡ್ರೆ," ಎಂದರು. "ಎಂತ ಜಾಸ್ತಿ? ಹದ ಅಂದ್ರೆ ಇದು. ನಮ್ಮನೇಲೇ ಇಷ್ಟು ಹದವಾಗಿ ಹುರಿಯಲ್ಲ," ಎಂದು ನನ್ನ ಕಡೆ ನೋಡಿದರು ಮಾವ. ಸೈಲೆನ್ಸರ್ ಮತ್ತೆ ಜೋಡಿಸಿದ ಮೇಲೆ ಡ್ರೈವರಣ್ಣ ಗಾಡಿ ಹತ್ತಿಸಿದರು. ಅದು ಒಂದೇ ಉಸಿರಿಗೆ ಏರು ಹತ್ತಿ ಮೇಲೆ ನಿಂತು ಹಾರ್ನ್ ಹೊಡೆಯಿತು. ನಾನು ಕುಣಿಯುವುದೊಂದು ಬಾಕಿ. ತಿಂಗಳಿಂದ ಹೇಳಿದ್ದು ನಾನು, ಕಿವಿಗೆ ಹಾಕಿಕೊಳ್ಳದವರು ಇವರು! ಆ ಕ್ಷಣಕ್ಕೆ ನನ್ನಷ್ಟು ಜಂಬದ ಹೆಂಗಸು ಮೂಡಿಗೆರೆ ತಾಲೂಕಿನಲ್ಲಿ ಇರಲಿಲ್ಲ.

ಮಾವ ಮಾತ್ರ ನಗಲಿಲ್ಲ. ಡ್ರೈವರಣ್ಣ ಗಾಡಿ ಇಳಿಸಿಕೊಂಡು ಬಂದ ಕೂಡಲೇ ಕೇಳಿದರು.

"ಮಳೆಗಾಲಕ್ಕೆ ಈ ಕೊಳವೆಗೆ ಬಿರಡೆ ಹಾಕ್ತಿದ್ಯಲ್ಲ ಮಾರಾಯ, ಇಲಿ ಹೋಗ್ದಂಗೆ? ಗೋಡೌನ್ ಬಾಗಿಲ ಮೊಳೆಗೆ ನೇತು ಹಾಕಿರ್ತಿದ್ಯಲ್ಲ, ಹಲಸಿನ ಮರದ್ದು, ನೀನೇ ಕೆತ್ತಿದ್ದು?"

"ಈ ಸಲ ಗೋಣಿ ತುಂಡು ತುರುಕಿದ್ದೆ ಗೌಡ್ರೆ. ತೆಗೆಯುವಾಗ ಅದು ಅಲ್ಲೇ ಇತ್ತು. ನಡುವೆ ಇಲಿ ತೂತು ಮಾಡಿದ್ದು ನೋಡ್ಲಿಲ್ಲ."

"ಬಿರಡೆ ಎಂತ ಆಯ್ತು?"

"ಎಲ್ಲೋ ಕಳ್ದಾಕ್ದೆ. ನನ್ ತಪ್ಪು."

"ಒಂದು ಬಿರಡೆ ಇಟ್ಕಳಕ್ಕಾಗ್ದೆ ಇಷ್ಟೆಲ್ಲ ಮಾಡ್ದೆ! ಬಸ್ಸಿನವ್ರ ಎದುರು ನನ್ನ ಹಿಂದುಮುಂದು ಕೂರ್ಸಿ ಮೆರವಣಿಗೆ ಮಾಡ್ಸಿದೆ!" ಮಾವ ಎಣ್ಣೆ ಕೈಯಿಂದಲೇ ಬಾನೆಟ್ ಗುದ್ದಿದರು. "ಗಾಡಿ ಇರ್ಲಿ. ನೀನು ಸೋಮವಾರದಿಂದ ಬೇಡ ಮಾರಾಯ. ನಿಂಗೆ ನಿಜವಾಗ್ಲೂ ವಯಸ್ಸಾಯ್ತು."

ಡ್ರೈವರಣ್ಣ ತಲೆಯಾಡಿಸಿದರು. ನನ್ನ ಕಡೆ ಒಂದು ಸಲ ಕೂಡ ನೋಡಲಿಲ್ಲ. ನೋಡದೇ ಇದ್ದುದರಿಂದಲೇ ನನಗೆ ಹೊಳೆಯಿತು. ಗೋಡೌನ್ ಬಾಗಿಲ ಮೊಳೆಯಲ್ಲಿ ದಾರ ಕಟ್ಟಿ ನೇತುಹಾಕಿದ್ದ, ತೊಟ್ಟಿಯ ತೂತಿಗೆ ಅಳತೆ ಮಾಡಿದಂತಿದ್ದ ಬಿರಡೆ. ಯಾರದು, ಯಾಕೆ ಎಂದು ಒಬ್ಬರನ್ನೂ ಕೇಳದೆ ತೆಗೆದುಕೊಂಡು ಹೋದದ್ದು. ಡ್ರೈವರಣ್ಣ ದಿನಾ ಬೆಳಿಗ್ಗೆ ಸೌದೆ ತಂದು ಹಾಕುತ್ತಿದ್ದುದು ಆ ತೊಟ್ಟಿಯ ಪಕ್ಕದಲ್ಲೇ. ನನ್ನ ಜಂಬವೆಲ್ಲ ಕಾಲಿನಿಂದ ಇಳಿದುಹೋಯಿತು. ಕಣದ ಹೆಂಗಸರು ಹೇಳಿದ್ದರಲ್ಲಿ ತಪ್ಪಿದ್ದದ್ದು ಒಂದೇ: ಕಾಲಲ್ಲ, ಕೈ.

ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿರಲೆಂದೇ ಅವರು ಹಾಗೆ ಹೇಳಿದ್ದು. ಆ ಸುಳ್ಳಿನ ಒಳಗೆ ಒಂದು ಗಳಿಗೆ ಬೆಚ್ಚಗೆ ನಿಂತೂ ಇದ್ದೆ, ಈಗ ಒಪ್ಪಿಕೊಳ್ಳುತ್ತೇನೆ. ಆಮೇಲೆ ಬಿಸಿಲಿಗಿಟ್ಟ ಟ್ರಂಕು ಕಣ್ಣಿಗೆ ಬಿತ್ತು. ಬಚ್ಚಲಮನೆಗೆ ಹೋಗಿ, ತುಂಬಿದ ತೊಟ್ಟಿಗೆ ಮೊಳಕೈವರೆಗೆ ಕೈ ಹಾಕಿ ಬಿರಡೆ ಕಿತ್ತೆ. ಎಣ್ಣೆಸ್ನಾನದ ನೀರೆಲ್ಲ ಗಳಗಳನೆ ಬಚ್ಚಲಿನಿಂದ ಹೊರಗೆ ಹರಿದು ಬಾಳೆಗಿಡಗಳ ಬುಡ ಸೇರಿತು. ನೀರು ತೊಟ್ಟಿಕ್ಕುತ್ತಿದ್ದ ಬಿರಡೆಯನ್ನು ತಂದು ಬಾನೆಟ್ ಮೇಲಿಟ್ಟೆ.

"ಅದನ್ನ ತಗೊಂಡೋಗಿದ್ದು ನಾನು ಮಾವ."

ಮಾವ ಬಿರಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆರು ತಿಂಗಳು ದಿನಾ ಅದರ ಎದುರಿಗೆ ಕೂತು ಸ್ನಾನ ಮಾಡಿದ ಮನುಷ್ಯ. ಕೆನ್ನೆಯಿಂದ ಎಣ್ಣೆ ಇಳಿದು ಗದ್ದದಲ್ಲಿ ಹನಿಯುತ್ತಿತ್ತು. ನನ್ನನ್ನು ತವರಿಗೆ ಕಳಿಸುತ್ತಾರೆ ಎಂದುಕೊಂಡೆ. ಅವರು ಸಾಬರ ಮುಖ ನೋಡಿದರು, ಹರಿದುಹೋಗುತ್ತಿದ್ದ ನೀರು ನೋಡಿದರು, ಕೊನೆಗೆ ಡ್ರೈವರಣ್ಣನ ಕಡೆ ತಿರುಗಿದರು.

"ಬಚ್ಚಲಿಗೆ ಇನ್ನೊಂದು ಕೆತ್ತು ಮಾರಾಯ. ಸೋಮವಾರ ಬೆಳಿಗ್ಗೆ ಗಾಡಿ ಕೆಳಗಿನ ಬ್ಲಾಕಲ್ಲಿರ್ಲಿ. ಈಗ ಮೊದ್ಲು ನೀರು ಕಾಯ್ಸು. ನಾನು ಹಿಂಗೆ ಎಷ್ಟು ಹೊತ್ತು ಅಂತ ನಿಂತ್ಕಳ್ಲಿ?"

ಒಲೆ ಹೊತ್ತಿಸಲು ಡ್ರೈವರಣ್ಣನ ಜೊತೆ ನಾನೂ ಹೋದೆ. ಅವರು ಸೌದೆ ಒಡ್ಡಿದರು, ನಾನು ಹಂಡೆಗೆ ನೀರು ಹೊಯ್ದೆ. "ಜೂನ್ ತಿಂಗಳಿಂದ ನಿಮ್ಮ ಕಣ್ಣೆದುರಿಗೇ ಇತ್ತಲ್ಲ ಡ್ರೈವರಣ್ಣ. ಒಂದು ಮಾತು ಕೇಳಿದ್ರೆ ಕೊಡ್ತಿರಲಿಲ್ವಾ?" ಎಂದೆ. ನನ್ನ ದನಿಯಲ್ಲಿ ಸಿಟ್ಟೇ ಇತ್ತು. ಬೇರೆ ದನಿ ಬರಲಿಲ್ಲ.

ಅವರು ಊದುಗೊಳವೆ ಕೆಳಗಿಟ್ಟರು.

"ಆ ಬಿರಡೆಗೆ ಗೌಡ್ರು ನಿಮ್ಮನ್ನ ಹೊಗಳಿದ್ರಲ್ಲ ಅಮ್ಮಾವ್ರೆ. ಈ ಮನೇಲಿ ಯಾರಾದ್ರೂ ನಿಮ್ಮನ್ನ ಹೊಗಳಿದ್ದು ನಾನು ಕೇಳಿದ್ದು ಅದೊಂದೇ ಸಲ. ಅದನ್ನ ಹೆಂಗೆ ಕಿತ್ಕಳದು?"

ಹೊಗೆಗೆ ಕಣ್ಣು ಉರಿಯುತ್ತಿದೆ ಎಂದು ಹೇಳಿ ನಾನು ಹೊರಗೆ ಬಂದೆ. ಒಲೆ ಇನ್ನೂ ಹೊತ್ತಿಕೊಂಡಿರಲಿಲ್ಲ.